ಸಹಾಯ ಬೇಕು: ತಮ್ಮನಿಗೆ 26 ವರ್ಷ, ಆಟಿಸಂ. ಗಾರ್ಡಿಯನ್‌ಶಿಪ್ (ಕಾನೂನು ಪ್ರಕಾರ ಪೋಷಕರಾಗೋದು) ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಕಡೆಯವರು. ತಮ್ಮ ಶಾಲೆಗೆ ಹೋಗೋವರೆಗೆ ಹೇಗೋ ನಡೀತು. 18 ದಾಟಿದ ಮೇಲೆ ಎಲ್ಲಿ ಕೇಳಿದ್ರೂ "ಇಲ್ಲಿ ಮಕ್ಕಳಿಗೆ ಮಾತ್ರ" ಅಂತಾರೆ. ವಯಸ್ಸಾದ ಕೂಡಲೇ ಆಟಿಸಂ ಬಿಟ್ಟು ಹೋಗುತ್ತಾ?

ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ತಮ್ಮನ ಖಾತೆಗೆ ಅಮ್ಮ ಸಹಿ ಹಾಕ್ತೀನಂದ್ರೆ ಬ್ಯಾಂಕಿನವರು ಒಪ್ತಿಲ್ಲ. 18 ಆದಮೇಲೆ ಹೆತ್ತ ತಾಯಿಯೂ ಕಾನೂನಿನ ಪ್ರಕಾರ ಪೋಷಕಿ ಅಲ್ಲವಂತೆ! ಪೋಷಕರಾಗಬೇಕಂದ್ರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಇರೋ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು ಅಂತ ಗೊತ್ತಾಯ್ತು. ಅವನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ. ಇತ್ತೀಚೆಗೆ ಮಾಡಿಸಿದವರು ದಯವಿಟ್ಟು ಹೇಳಿ: ಬೇರೆ ಏನೇನು ದಾಖಲೆ ಕೇಳಿದ್ರು? ಅಮ್ಮನ ಜೊತೆ ನನ್ನ ಹೆಸರೂ ಸೇರಿಸಬಹುದಾ? ಅಮ್ಮನಿಗೆ 63, ರಾತ್ರಿ ನಿದ್ದೆ ಮಾಡಲ್ಲ. ಅವನನ್ನೂ ಕಚೇರಿಗೆ ಕರ್ಕೊಂಡು ಹೋಗಲೇಬೇಕಾ? ಗದ್ದಲ ಜಾಸ್ತಿಯಾದ್ರೆ ಕಿವಿ ಮುಚ್ಚಿಕೊಂಡು ಹೊರಗೆ ಓಡಿಬಿಡ್ತಾನೆ.

ಇನ್ನೊಂದು. ಅಡಿಕೆ ಆರಿಸೋಕೆ ಕೂತ್ರೆ ರಾಶಿಯಲ್ಲಿ ಒಂದೇ ಒಂದು ಗೋಟು (ಕಡಿಮೆ ದರ್ಜೆಯ ಅಡಿಕೆ) ಸೇರಿದ್ರೂ ಎತ್ತಿ ಪಕ್ಕಕ್ಕಿಡ್ತಾನೆ. ಹತ್ತಿರದಲ್ಲಿ ದಿನಕ್ಕೆ ಮೂರು ಗಂಟೆ ಇಂಥ ಕೆಲಸ ಕೊಡೋರು ಇದ್ರೆ ಮೆಸೇಜ್ ಮಾಡಿ. ಮೊದಲ ವಾರ ನಾನೇ ಪಕ್ಕದಲ್ಲಿ ಕೂರ್ತೀನಿ.