ಮಂಡಕ್ಕಿ ಲೆಕ್ಕ

ಮಂಜನ ಒಂದು ಕೈಯಲ್ಲಿ ಮಿರ್ಚಿ ಇತ್ತು, ಇನ್ನೊಂದರಲ್ಲಿ ಮೊಬೈಲ್. ಹೈಸ್ಕೂಲ್ ಮೈದಾನದ ಹತ್ತಿರ ನಾವು ಮಂಡಕ್ಕಿಗೆ ಕೂತು ಅರ್ಧ ಗಂಟೆ ಆಗಿತ್ತು. ಅಷ್ಟರಲ್ಲಿ ಅವನು ಹತ್ತು ಸಲ ತನ್ನ ಪಾರ್ಸಲ್ಲಿನ ಟ್ರ್ಯಾಕಿಂಗ್ ನೋಡಿದ್ದ. ಮೊಬೈಲ್‌ಗೆಲ್ಲ ಎಣ್ಣೆ.

“ಎಲ್ಲಿಗೆ ಬಂತೋ ಸವಾರಿ?” ಅಂದರು ರುದ್ರಣ್ಣ.

“ಹುಬ್ಬಳ್ಳಿ.”

“ಇಂಗ್ಲೆಂಡಿಂದ ಸೀದಾ ಹುಬ್ಬಳ್ಳಿಗಾ?”

“ಇಲ್ಲಣ್ಣ. ಅಲ್ಲಿಂದ ದೆಹಲಿಗೆ ಮೂರು ದಿನ. ದೆಹಲಿ ಕಸ್ಟಮ್ಸ್‌ನಲ್ಲಿ ಹನ್ನೊಂದು ದಿನ. ಆಮೇಲೆ ಬೆಂಗಳೂರು. ಈಗ ಹುಬ್ಬಳ್ಳಿ. ಅಲ್ಲಿಂದ ವಾಪಸ್ ದಾವಣಗೆರೆ.”

“ಅಂದ್ರೆ ನಮ್ಮೂರ ಬೈಪಾಸ್ ಮೇಲೇ ಹೋಗಿದೆ! ನೀನು ಹೈವೇಲಿ ನಿಂತು ಕೈ ಅಡ್ಡ ಹಾಕಬೇಕಿತ್ತು.”

“ನಿಲ್ಲಿಸ್ತಿರಲಿಲ್ಲ ಬಿಡಿ, ನಾನ್‌ಸ್ಟಾಪ್ ಇರಬೇಕು,” ಅಂದೆ ನಾನು. ಯಾರೂ ನಗಲಿಲ್ಲ. ನನ್ನ ಮಾತಿಗೆ ಯಾವತ್ತೂ ಹಾಗೇ.

ಬರುತ್ತಿದ್ದದ್ದು ಒಂದು ಬಾಬಿನ್ ಕೇಸ್, ಕೆಳದಾರದ ಉರುಳೆ ಕೂರಿಸೋ ಪುಟ್ಟ ಡಬ್ಬಿ. ಮಂಜನ ಅಮ್ಮನ ಹಳೇ ಹೊಲಿಗೆ ಮಿಷನ್ನಿಗೆ. ಹೆಬ್ಬೆಟ್ಟಿನಷ್ಟು ದಪ್ಪ ಇರಬಹುದು. ಬೆಲೆ ನಾಲ್ಕು ಪೌಂಡ್, ಕಳಿಸೋ ಖರ್ಚು ಇಪ್ಪತ್ತೆರಡು ಪೌಂಡ್.

ಇಷ್ಟು ಹೊತ್ತೂ ತಲೆ ಬಗ್ಗಿಸಿ ತಿನ್ನುತ್ತಿದ್ದ ಟೈಲರ್ ಬಸಣ್ಣ ಈಗ ಬಾಯಿ ಬಿಟ್ಟ. “ನನ್ನ ಅಂಗಡೀಲಿ ಅರವತ್ತು ರೂಪಾಯಿಗೆ ಐತಲ್ಲೋ.”

“ಅದು ಲೋಕಲ್ ಬಸಣ್ಣ. ಇದು ಒರಿಜಿನಲ್.”

“ನಿಮ್ಮಮ್ಮ ಹೊಲಿಯೋದು ದಿಂಬಿನ ಕವರ್,” ಅಂದರು ರುದ್ರಣ್ಣ. “ದಿಂಬಿಗೆ ಗೊತ್ತಾಗುತ್ತಾ ಒರಿಜಿನಲ್ ಯಾವುದು ಅಂತ? ಇವರದ್ದೊಂದು ಹೊಸ ಕಾಯಿಲೆ ಆಗಿದೆ ಕಣ್ರಯ್ಯ. ಎದುರಿಗಿರೋ ಅಂಗಡಿಗೆ ಹೋಗೋಕೆ ಚಪ್ಪಲಿ ಹಾಕ್ಕೋಬೇಕು. ಇಂಗ್ಲೆಂಡಾದ್ರೆ ಮಲಗಿದ ಜಾಗದಲ್ಲೇ ಆಗುತ್ತೆ.”

ಮಂಜನಿಗೆ ಉರಿದಿದ್ದು ಬೇರೆ ಕಾರಣಕ್ಕೆ. “ಅದು ಐವತ್ತು ಗ್ರಾಮ್ ಇಲ್ಲ. 1.8 ಕೆಜಿ ಅಂತ ದುಡ್ಡು ಹಿಡಿದಿದಾರೆ!”

ಮೇಷ್ಟ್ರು ಕನ್ನಡಕ ಏರಿಸಿದರು. ಲೆಕ್ಕ ಅಂದರೆ ಅವರಿಗೆ ನಿವೃತ್ತಿ ಇಲ್ಲ. “ಕೊರಿಯರ್‌ನೋರು ತೂಕವನ್ನೂ ನೋಡ್ತಾರೆ, ಪೆಟ್ಟಿಗೆ ಗಾತ್ರವನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸು, 5000ದಿಂದ ಭಾಗಿಸು. ಬಂದದ್ದು ಕೆಜಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಿಂದು 30, 20, 15ರ ಪೆಟ್ಟಿಗೆ ಇರಬೇಕು. 9000. ಭಾಗಿಸಿದ್ರೆ 1.8. ಸರಿಯಾಗೇ ಇದೆ.”

“ಸರಿಯಾಗಿದೆಯಾ?”

“ಲೆಕ್ಕ ಸರಿಯಾಗಿದೆ ಅಂದೆ.”

“ಇದು ಮಂಡಕ್ಕಿ ಲೆಕ್ಕ ಕಣೋ!” ರುದ್ರಣ್ಣ ತಟ್ಟೆ ಕುಟ್ಟಿದರು. “ಮಂಡಕ್ಕಿ ಭಟ್ಟೀಲಿ ನಮಗೆ ಸೇರಿನಲ್ಲೇ ಅಳೆದು ಕೊಡ್ತಿದ್ರು. ತಕ್ಕಡಿಗೆ ಹಾಕಿದ್ರೆ ತಕ್ಕಡಿಗೇ ನಾಚಿಕೆ. ಇವರು ಅದನ್ನ ಕದ್ದು, ಕಬ್ಬಿಣಕ್ಕೆ ಹಚ್ಚಿದಾರೆ.”

ಕಸ್ಟಮ್ಸ್‌ಗೆ ಅಂತ ಆಧಾರ್ ಕೇಳಿದ್ದರಂತೆ, ಪ್ಯಾನ್ ಕೇಳಿದ್ದರಂತೆ. ಫೋಟೋ ಮಸುಕಾಗಿದೆ ಅಂತ ಮತ್ತೊಂದು ಸಲ ಕೇಳಿದ್ದರಂತೆ. “ನಾನು ಹೆಣ್ಣು ನೋಡೋಕೆ ಹೋದಾಗ ನಮ್ಮ ಮಾವ ಇಷ್ಟು ಕೇಳಿರಲಿಲ್ಲ,” ಅಂದರು ರುದ್ರಣ್ಣ. “ಕೇಳಿದ್ರೆ ಕೊಡ್ತಿರಲಿಲ್ಲ ಬಿಡು.”

“ಡ್ಯೂಟಿ ಬೇರೆ ಕಟ್ಟಿಸಿಕೊಂಡ್ರು,” ಅಂದ ಮಂಜ. “ನಾಲ್ಕು ಪೌಂಡಿಗೆ ಅಷ್ಟೊಂದಾ?”

“ನಾಲ್ಕಕ್ಕಲ್ಲಪ್ಪ,” ಅಂದರು ಮೇಷ್ಟ್ರು. “ವಸ್ತುವಿನ ಬೆಲೆ, ಸಾಗಣೆ ಖರ್ಚು, ವಿಮೆ, ಮೂರೂ ಸೇರಿಸಿ ಅದರ ಮೇಲೆ ಡ್ಯೂಟಿ. ಆ ಡ್ಯೂಟೀನೂ ಸೇರಿಸಿ ಒಟ್ಟು ಮೊತ್ತದ ಮೇಲೆ ಐಜಿಎಸ್‌ಟಿ, ಅಂದ್ರೆ ಹೊರಗಿಂದ ಬಂದ ಮಾಲಿಗೆ ಹಾಕೋ ಜಿಎಸ್‌ಟಿ.”

“ಬೆಣ್ಣೆ ದೋಸೆ ಇದ್ದಂಗೆ,” ಅಂದರು ರುದ್ರಣ್ಣ. “ಹಿಟ್ಟಿನ ಮೇಲೆ ಬೆಣ್ಣೆ, ಬೆಣ್ಣೆ ಮೇಲೆ ಬೆಣ್ಣೆ. ದುಡ್ಡು ನಂದು, ಬೆಣ್ಣೆ ಅವರಿಗೆ. ನನಗೆ ಪಲ್ಯ.”

ಬಸಣ್ಣನಿಗೆ ಒಂದು ಉಪಾಯ ಹೊಳೆಯಿತು. “ಗಿಫ್ಟ್ ಅಂತ ಬರೆಸಿ ಕಳಿಸು ಅನ್ನಬೇಕಿತ್ತು.”

“ಎಲ್ಲಾ ಅದನ್ನೇ ಮಾಡಿದ್ದಕ್ಕೇ ಅದೂ ಹೋಯ್ತು,” ಅಂದರು ಮೇಷ್ಟ್ರು. “ಹೊರದೇಶದ ಆನ್‌ಲೈನ್ ಅಂಗಡಿಯೋರು ಮಾರಿದ್ದನ್ನೆಲ್ಲ ಗಿಫ್ಟ್ ಅಂತ ಬರೆದು ಕಳಿಸ್ತಿದ್ರು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಗಿಫ್ಟಿಗಿದ್ದ ಡ್ಯೂಟಿ ವಿನಾಯಿತಿ ನಿಲ್ಲಿಸಿತು. ಜೀವ ಉಳಿಸೋ ಔಷಧಿ, ರಾಖಿ, ಇವೆರಡಕ್ಕೆ ಮಾತ್ರ ಬಿಟ್ಟರು.”

“ರಾಖಿ?” ಮಂಜ ಮೊದಲ ಸಲ ಮೊಬೈಲ್ ಕೆಳಗಿಟ್ಟ.

“ಬಾಬಿನ್ ಕೇಸಿಗೆ ದಾರ ಸುತ್ತಿ ಕಳಿಸು ಅನ್ನಬೇಕಿತ್ತು,” ಅಂದ ಬಸಣ್ಣ. ಆ ಸಂಜೆ ಅವನಿಗೆ ಸಿಕ್ಕಿದ್ದು ಇದೊಂದೇ ನಗು. ಅಷ್ಟಕ್ಕೇ ಹಿಗ್ಗಿ ಇನ್ನೊಂದು ಮಿರ್ಚಿ ಹೇಳಿದ.

ರುದ್ರಣ್ಣ ಮಾತ್ರ ನಗಲಿಲ್ಲ. “ಅದು ನಿಜ ಮಾರಾಯ. ನಮ್ಮ ಹುಡುಗಿ ಡಬ್ಲಿನ್‌ನಲ್ಲಿದಾಳಲ್ಲ, ಅಣ್ಣನಿಗೆ ರಾಖಿ ಕಳಿಸಿದ್ಲು. ಸುಮ್ನೆ ಬಂತು. ನನಗೆ ಸ್ವೆಟರ್ ಕಳಿಸಿದ್ಲು. ದುಡ್ಡು ಕಟ್ಟಿ ಬಿಡಿಸಿಕೊಂಡೆ. ಅಣ್ಣ-ತಂಗಿ ಪ್ರೀತಿಗೆ ಮಾಫಿ, ಅಪ್ಪ-ಮಗಳದ್ದಕ್ಕೆ ಡ್ಯೂಟಿ.”

“ದಾವಣಗೆರೇಲಿ ಸ್ವೆಟರ್ ಯಾಕಣ್ಣ?”

“ಅವಳಿಗೆ ಅಲ್ಲಿ ಚಳಿ. ನನಗೂ ಆಗ್ತಿರಬೇಕು ಅಂದುಕೊಂಡಿದಾಳೆ.”

ಮಿರ್ಚಿ ಬಂತು. ರುದ್ರಣ್ಣ ಅದನ್ನು ಮುರಿದು, ಒಳಗಿನ ಹಬೆ ಹೋಗಲಿ ಅಂತ ಹಾಗೇ ಹಿಡಿದುಕೊಂಡರು.

“ನಾನೂ ಏನಾದ್ರೂ ಕಳಿಸೋಣ ಅಂತ ಕೇಳಿದೆ. ಮಂಡಕ್ಕಿ ಅಂದ್ಲು. ಅಲ್ಲಿ ಸಿಗುತ್ತಂತೆ, ಮೆತ್ತಗಿರುತ್ತಂತೆ. ಸರಿ, ಭಟ್ಟೀಲಿ ಬಿಸಿಬಿಸಿ ಇರೋದು ತಂದು, ನಿಮ್ಮ ಅತ್ತಿಗೆ ಖಾರ ಹಚ್ಚಿ, ಶೇಂಗಾ ಹಾಕಿ, ಪೆಟ್ಟಿಗೆ ತುಂಬಿದ್ಲು. ಕೊರಿಯರ್ ಅಂಗಡಿಗೆ ಹೊತ್ತುಕೊಂಡು ಹೋದೆ. ತೂಗಿದ್ರೆ ನಾಲ್ಕು ಕೆಜಿ ಇಲ್ಲ. ಹುಡುಗ ಟೇಪ್ ಹಿಡಿದ. 50, 40, 30 ಅಂದ.”

ಮೇಷ್ಟ್ರ ತುಟಿ ಅಲ್ಲಾಡಿತು. “ಹನ್ನೆರಡು ಕೆಜಿ.”

“ಹ್ಞೂಂ. ಅವನು ಹೇಳಿದ ದುಡ್ಡಿಗೆ ನಾನೇ ಮಂಡಕ್ಕಿ ಭಟ್ಟಿ ಇಡಬಹುದಿತ್ತು.”

“ಕಳಿಸಿದ್ರಾ?” ಅಂದ ಮಂಜ.

“ಎಲ್ಲಿ ಕಳಿಸೋದು. ವಾಪಸ್ ತಂದೆ. ನಾವಿಬ್ಬರೇ ಹತ್ತು ದಿನ ತಿಂದ್ವಿ. ಅವಳಿಗೆ ಫೋನ್ ಮಾಡಿ ಹಿಂಗಾಯ್ತಮ್ಮ ಅಂದೆ. ನಕ್ಕಳು. ಆಮೇಲೆ, ಅಪ್ಪ, ತಿನ್ನೋ ಸದ್ದಾದ್ರೂ ಕೇಳಿಸು ಅಂದ್ಲು. ಬಾಯಿ ಹತ್ರ ಫೋನ್ ಹಿಡ್ಕೊಂಡು ಒಂದು ತಟ್ಟೆ ಪೂರ್ತಿ ತಿಂದೆ.”

ಸ್ವಲ್ಪ ಹೊತ್ತು ನಾವು ಯಾರೂ ಅಗಿಯಲಿಲ್ಲ.

ಮಂಜನ ಮೊಬೈಲ್ ಟಿಣ್ ಅಂತು. ನೋಡಿದ. “ಡೆಲಿವರಿಗೆ ಬಂದಿದ್ರಂತೆ. ಮನೆ ಬಾಗಿಲು ಹಾಕಿತ್ತಂತೆ, ವಾಪಸ್ ಹೋದ್ರಂತೆ.”

“ಹುಬ್ಬಳ್ಳೀಲಿ ಇತ್ತಲ್ಲೋ ಈಗ?”

“ಈಗಲೂ ಹುಬ್ಬಳ್ಳಿ ಅಂತಲೇ ತೋರಿಸ್ತಿದೆ.”

ಬಸಣ್ಣ ಎದ್ದು ಕೈ ಒರೆಸಿಕೊಂಡ. “ಬಾರೋ, ಅಂಗಡಿ ತೆಗೀತೀನಿ. ಅರವತ್ತು ಬೇಡ, ಐವತ್ತು ಕೊಡು.”