ಜನವರಿಯಲ್ಲಿ ಟೊರಾಂಟೊದಿಂದ ಒಟ್ಟಾವ: ಘಾಟಿ ಓಡಿಸಿದ ಕೈಗೆ ಹಿಮದ ರಸ್ತೆ ಒಗ್ಗುತ್ತದಾ?

ಸಾಗರದ ಕಡೆಯವ:

ಜನವರಿ ಎರಡನೇ ವಾರ ನಾವಿಬ್ಬರು ಒಟ್ಟಾವದಲ್ಲಿರುವ ಮಗಳ ಮನೆಗೆ ಹೊರಡೋದು. ಬೆಂಗಳೂರು, ದೆಹಲಿ, ಟೊರಾಂಟೊ. ಅಲ್ಲಿಂದ ಮುಂದೆ ಇನ್ನೊಂದು ವಿಮಾನವೋ ಬಾಡಿಗೆ ಕಾರೋ, ಇನ್ನೂ ತೀರ್ಮಾನ ಆಗಿಲ್ಲ. ಟಿಕೆಟ್ಟೂ ಮಾಡಿಸಿಲ್ಲ. ಆಗುಂಬೆ, ಹುಲಿಕಲ್ ಘಾಟಿಗಳನ್ನು ಜಡಿಮಳೆಯಲ್ಲಿ ಓಡಿಸಿ ರೂಢಿ ಇದೆ. ಹಿಮಗಾಳಿ ಬಂದು ವಿಮಾನ ರದ್ದಾದರೆ ಕಂಪನಿಯವರು ಏನು ಕೊಡಬೇಕು? ಕಾರಲ್ಲಿ ಹೋಗೋದಾದರೆ ಏನೇನು ನೋಡ್ಕೋಬೇಕು? ತಿಳಿದವರು ಬಿಡಿಸಿ ಹೇಳಿ ಮಾರಾಯ್ರೆ.

ದೇವನಹಳ್ಳಿ ದಾರಿ:

ಟಿಕೆಟ್ ಮಾಡಿಸಿಲ್ಲ ಅಂದದ್ದು ಒಳ್ಳೇದಾಯ್ತು, ಅರ್ಧ ತೊಂದರೆ ಅಲ್ಲೇ ತಪ್ಪಿಸಬಹುದು. ಬೆಂಗಳೂರಿಂದ ಒಟ್ಟಾವದವರೆಗೂ ಒಂದೇ ಪಿಎನ್‌ಆರ್ ಇರಲಿ. ಬಿಡಿಬಿಡಿಯಾಗಿ ತಗೊಂಡರೆ ಸ್ವಲ್ಪ ದುಡ್ಡು ಉಳಿಯಬಹುದು. ಆದರೆ ದೆಹಲಿ ಮಂಜಿನಲ್ಲಿ ಮೊದಲ ವಿಮಾನ ತಡವಾದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರದೇ ಹೋದ ಪ್ರಯಾಣಿಕರು, ಟಿಕೆಟ್ ಹೋಯ್ತು. ಒಂದೇ ಪಿಎನ್‌ಆರ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸೋ ಜವಾಬ್ದಾರಿ ಅವರದ್ದು. ಜನವರಿಯಲ್ಲಿ ನಿಮ್ಮ ದಾರಿಯಲ್ಲಿ ದೆಹಲಿಯ ಮಂಜು, ಟೊರಾಂಟೊದ ಹಿಮ ಎರಡೂ ಇವೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಳಗಿನ ವಿಮಾನ ಹಿಡಿದು ಅದೇ ದಿನ ದೇವನಹಳ್ಳಿಯಿಂದ ಹಾರುವ ಲೆಕ್ಕ ಹಾಕಬೇಡಿ. ಹಿಂದಿನ ದಿನವೇ ಬೆಂಗಳೂರು ಸೇರಿಬಿಡಿ.

ಕೆನಡಾದಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಶನ್, ಕಸ್ಟಮ್ಸ್ ಆಗಬೇಕು. ಸಾಮಾನ್ಯವಾಗಿ ಬ್ಯಾಗನ್ನೂ ತೆಗೆದು ಮತ್ತೆ ಬೆಲ್ಟಿಗೆ ಹಾಕಬೇಕು. ಟೊರಾಂಟೊದಲ್ಲಿ ಎರಡು ಗಂಟೆಯ ಅಂತರ ಬೇಸಿಗೆಗೆ ಸರಿ. ಚಳಿಗಾಲಕ್ಕೆ ಕನಿಷ್ಠ ನಾಲ್ಕು ಗಂಟೆ ಇಟ್ಕೊಳ್ಳಿ. ಹಾಗಂತ ರಾತ್ರಿಯ ಕೊನೇ ವಿಮಾನವನ್ನೂ ಆರಿಸಬೇಡಿ, ಅದು ರದ್ದಾದರೆ ಬೆಂಚೇ ಹಾಸಿಗೆ.

ಈಗ ಹಕ್ಕಿನ ವಿಷಯ. ಕೆನಡಾಕ್ಕೆ ಬರುವ, ಅಲ್ಲಿಂದ ಹೊರಡುವ, ಅದರೊಳಗೆ ಹಾರುವ ಎಲ್ಲ ವಿಮಾನಗಳಿಗೂ 2019ರ ಪ್ರಯಾಣಿಕರ ರಕ್ಷಣಾ ನಿಯಮಗಳು ಅನ್ವಯಿಸುತ್ತವೆ, ಭಾರತದ ಕಂಪನಿಯೇ ಆಗಲಿ. ತಡವಾದದ್ದು ಕಂಪನಿಯ ತಪ್ಪಿಂದ ಆದರೆ ದೊಡ್ಡ ಕಂಪನಿಗಳು 3ರಿಂದ 6 ಗಂಟೆಗೆ 400, 6ರಿಂದ 9 ಗಂಟೆಗೆ 700, ಅದಕ್ಕೂ ಮೇಲೆ 1,000 ಕೆನಡಾ ಡಾಲರ್ ಕೊಡಬೇಕು. ಹಿಮಗಾಳಿಗೆ ಈ ಪರಿಹಾರ ಇಲ್ಲ. ಹೋಟೆಲ್ಲು, ಊಟ ಕೊಡಲೇಬೇಕು ಅಂತಲೂ ಇಲ್ಲ. ಇರುವುದು ಇಷ್ಟು: 48 ಗಂಟೆಯೊಳಗೆ ಹೊರಡುವ ತಮ್ಮದೇ ಅಥವಾ ಪಾಲುದಾರ ಕಂಪನಿಯ ವಿಮಾನದಲ್ಲಿ ಜಾಗ ಕೊಡಬೇಕು. ಆಗದಿದ್ದರೆ ಪೂರ್ತಿ ಹಣ ವಾಪಸ್ಸೋ, ಬೇರೆ ಯಾವುದೇ ಕಂಪನಿಯಲ್ಲಿ ಜಾಗವೋ, ಆಯ್ಕೆ ನಿಮ್ಮದು. ದೊಡ್ಡ ಬಿರುಗಾಳಿಯ ಮುನ್ಸೂಚನೆ ಬಂದಾಗ ಕಂಪನಿಗಳೇ ಶುಲ್ಕವಿಲ್ಲದೆ ದಿನ ಬದಲಿಸಲು ಬಿಡುವುದುಂಟು. ಅದು ಬಂದ ಗಳಿಗೆಯಲ್ಲೇ ಆ್ಯಪ್‌ನಲ್ಲಿ ಬದಲಿಸಿ. ರದ್ದಾದ ಮೇಲೆ ಕೌಂಟರಿನ ಸಾಲಲ್ಲಿ ನಿಲ್ಲುವವರಿಗೆ ಉಳಿಯುವುದು ಬೇರೆಯವರು ಬಿಟ್ಟ ಸೀಟು. 2020ರ ಜನವರಿ 17ರಂದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್ ಊರಲ್ಲಿ ಒಂದೇ ದಿನ 76 ಸೆಂ.ಮೀ. ಹಿಮ ಬಿದ್ದು ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತ್ತು. ಅಂಥಾದ್ದಕ್ಕೆ ವಿಮೆ ಬೇಕು, ಬಿರುಗಾಳಿಯ ಸುದ್ದಿ ಬರುವ ಮೊದಲೇ ಮಾಡಿಸಿದ ವಿಮೆ.

ಒಟ್ಟಾವ ವಿಮಾನದ ಬಾಗಿಲು ಹಾಕಿದ ಮೇಲೂ ಮುಕ್ಕಾಲು ಗಂಟೆ ನಿಂತಲ್ಲೇ ನಿಂತರೆ ಗಾಬರಿ ಬೇಡ. ರೆಕ್ಕೆಯ ಮೇಲೆ ತೆಳು ಹಿಮ ಕೂತರೂ ಗಾಳಿಯ ಹರಿವು ಕೆಟ್ಟು ಎತ್ತುವ ಬಲ ಕಡಿಮೆಯಾಗುತ್ತೆ. ಅದಕ್ಕೆ ಮೊದಲು ಕಿತ್ತಳೆ ಬಣ್ಣದ ಬಿಸಿ ಗ್ಲೈಕಾಲ್ ಹೊಡೆದು ಕರಗಿಸ್ತಾರೆ. ಆಮೇಲೆ ಹಸಿರು ಬಣ್ಣದ, ಗಂಜಿಯ ಹಾಗೆ ಮಂದವಾದ ದ್ರವ ಹೊಡೆಯೋದು ಹೊಸ ಹಿಮ ಕೂರದಿರಲಿ ಅಂತ. ಇದರ ಶಕ್ತಿಗೆ ಅವಧಿ ಇದೆ. ಸಾಲು ಉದ್ದವಾಗಿ ಆ ಅವಧಿ ಮೀರಿದರೆ ಮತ್ತೆ ಮೊದಲಿಂದ. ಮೂರು ಗಂಟೆ ಹೀಗೇ ಕೂರಿಸಿದರೆ ಗೇಟಿಗೆ ವಾಪಸ್ ತರಬೇಕು. ಇನ್ನೇನು ಹಾರುತ್ತೆ ಅನ್ನುವಂತಿದ್ದರೆ ಮಾತ್ರ 45 ನಿಮಿಷ ಹೆಚ್ಚುವರಿ.

ದಪ್ಪ ಜಾಕೆಟ್ಟು, ಬೂಟು ಮೈಮೇಲೆ ಇರಲಿ, ಚೆಕ್‌ಇನ್ ಬ್ಯಾಗಲ್ಲಿ ಅಲ್ಲ. ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ತುರ್ತಿಗೆ ಕೊಂಡದ್ದರ ರಸೀದಿ ಇಟ್ಟುಕೊಳ್ಳಿ. ಬ್ಯಾಗ್ ಕೈಸೇರಿದ 21 ದಿನದೊಳಗೆ ಆ ಖರ್ಚನ್ನು ಲಿಖಿತವಾಗಿ ಕೇಳಬೇಕು.

ಮಾಸ್ತಿಕಟ್ಟೆ ತಿರುವು:

ಕಾರಿನ ವಿಷಯಕ್ಕೆ ಬರೋಣ. ಘಾಟಿ ಓಡಿಸಿದ ಕೈ ಅರ್ಧ ಉಪಯೋಗಕ್ಕೆ ಬರುತ್ತೆ, ಅರ್ಧ ಮೋಸ ಮಾಡುತ್ತೆ. ಬ್ರೇಕಿಗಿಂತ ಗೇರನ್ನು ನಂಬೋದು, ಮುಂದಿನ ಗಾಡಿಗೆ ಅಂಟಿಕೊಳ್ಳದೆ ಇರೋದು ಉಪಯೋಗದ ಅರ್ಧ. ಮೋಸ ಎಲ್ಲಿ ಅಂದರೆ, ಘಾಟಿಯಲ್ಲಿ ಅಪಾಯ ತಿರುವಲ್ಲಿ ಕಣ್ಣಿಗೆ ಕಾಣುತ್ತೆ. ಟೊರಾಂಟೊದಿಂದ ಒಟ್ಟಾವದ ಕಡೆ ಹೋಗುವ 401ನೇ ಹೆದ್ದಾರಿ ನೆಟ್ಟಗೆ, ಅಗಲವಾಗಿ, ಒದ್ದೆ ಡಾಂಬರಿನ ಹಾಗೆ ಮಿರಮಿರ ಹೊಳೀತಾ ಇರುತ್ತೆ. ಆ ಹೊಳಪು ನೀರಲ್ಲ, ತೆಳು ಮಂಜುಗಡ್ಡೆ ಆಗಿರಬಹುದು. ಗುರುತಿಸೋದು ಹೇಗೆ? ರಸ್ತೆ ಒದ್ದೆ ಕಾಣ್ತಾ ಇದ್ದೂ ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮೋದು ನಿಂತರೆ ಅದು ಗಡ್ಡೆ. ಸೇತುವೆಗಳ ಮೇಲೆ ಮೊದಲು ಕಟ್ಟುತ್ತೆ, ಯಾಕಂದರೆ ಕೆಳಗಿನಿಂದಲೂ ಗಾಳಿ ಬೀಸುತ್ತೆ, ನೆಲದ ಬಿಸಿ ಇಲ್ಲ. ಆಷಾಢದಲ್ಲಿ ಪಾಚಿಗಟ್ಟಿದ ಅಂಗಳ ದಾಟುವಾಗ ಹೇಗೆ ಹೆಜ್ಜೆ ಇಡ್ತೀರೋ ಹಾಗೇ ಓಡಿಸಿ. ಸ್ಟೀರಿಂಗು, ಬ್ರೇಕು, ಆಕ್ಸಿಲರೇಟರು ಯಾವುದಕ್ಕೂ ಜರ್ಕ್ ಬೇಡ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಲೇಬಾರದು. ಒಣ ರಸ್ತೆಯಲ್ಲಿ ಮೂರು ಎಣಿಸುವಷ್ಟು ಅಂತರ ಬಿಡ್ತೀರಾದರೆ ಇಲ್ಲಿ ಎಂಟು ಎಣಿಸಿ. ಗಾಡಿ ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆ ಕಣ್ಣು ನೆಟ್ಟು, ಆ ಕಡೆಗೇ ಮೆಲ್ಲಗೆ ತಿರುಗಿಸಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡೀರಿ. ಪೆಡಲ್ ಕಾಲಡಿ ಗುಡುಗುಡು ಅಂದರೆ ಅದು ಕೆಲಸ ಮಾಡ್ತಾ ಇದೆ ಅಂತ.

ತುಂಬಾ ಜನ ತಪ್ಪು ತಿಳಿದಿರೋದು: ಮೈನಸ್ 20ರ ರಸ್ತೆ ಮೈನಸ್ 1ರ ರಸ್ತೆಗಿಂತ ಅಪಾಯ ಅಂತ. ಗಡ್ಡೆ ಅತೀ ಹೆಚ್ಚು ಜಾರೋದು ಸೊನ್ನೆಯ ಆಸುಪಾಸಿನಲ್ಲಿ, ಮೇಲೆ ನೀರಿನ ಪದರ ಇರುವಾಗ. ಅದಕ್ಕೇ ಎಲ್ಲಕ್ಕಿಂತ ಕೆಟ್ಟದ್ದು ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ. 1998ರ ಜನವರಿ 5ರಿಂದ 10ರವರೆಗೆ ಒಟ್ಟಾವ, ಮಾಂಟ್ರಿಯಲ್ ಭಾಗದಲ್ಲಿ ಅಂಥ ಮಳೆ ಕೆಲವೆಡೆ 100 ಮಿ.ಮೀ.ವರೆಗೂ ಬಿತ್ತು. ಆಗುಂಬೆಗೆ ಜುಲೈಯಲ್ಲಿ ಅದು ಒಂದು ದಿನದ ಲೆಕ್ಕ. ಅಲ್ಲಿ ಅಷ್ಟೂ ಗಡ್ಡೆಯಾಗಿ ತಂತಿಗೆ ಅಂಟಿ, ಭಾರಕ್ಕೆ ವಿದ್ಯುತ್ ಗೋಪುರಗಳೇ ಮಡಚಿ ಬಿದ್ದವು. ಈ ಮುನ್ಸೂಚನೆ ಇದ್ದ ದಿನ ಕಾರು ತೆಗೀಬೇಡಿ.

ಟೈರು: 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಬಿರುಸಾಗಿ ಹಿಡಿತ ಬಿಡುತ್ತೆ. ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಚಿತ್ರ ಇರೋದೇ ಬೇಕು, ನಾಲ್ಕು ಚಕ್ರಕ್ಕೂ. 'ಆಲ್ ಸೀಸನ್' ಅನ್ನೋ ಹೆಸರು ನೋಡಿ ಮರುಳಾಗಬೇಡಿ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಟೊರಾಂಟೊ, ಒಟ್ಟಾವ ಎರಡೂ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಕಡ್ಡಾಯ ಇಲ್ಲ, ಹಾಗಾಗಿ ಟೊರಾಂಟೊದ ಬಾಡಿಗೆ ಕಾರಿಗೆ ಅದು ಇರುತ್ತೆ ಅಂದುಕೊಳ್ಳಬೇಡಿ. ಬುಕ್ ಮಾಡುವಾಗಲೇ ಕೇಳಿ, ಕೀ ತಗೊಳ್ಳುವಾಗ ಬಗ್ಗಿ ಚಿತ್ರ ನೋಡಿ.

ಲೈಸೆನ್ಸ್: ಮೂರು ತಿಂಗಳೊಳಗಿನ ಭೇಟಿಗೆ ಒಂಟಾರಿಯೊದಲ್ಲಿ ನಿಮ್ಮದೇ ನಡೆಯುತ್ತೆ. ಆದರೂ ಸಾಗರದ ಆರ್‌ಟಿಒದಲ್ಲಿ ಫಾರಂ 4ಎ ಕೊಟ್ಟು ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಬಾಡಿಗೆಯವರು ಕೇಳಿದರೆ ವಾದ ಮಾಡೋದು ತಪ್ಪುತ್ತೆ. ಇನ್ನೊಂದು, ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗಾಡಿ ಬಲಕ್ಕೆ. ಇಪ್ಪತ್ತು ಗಂಟೆ ಹಾರಿ ನಿದ್ದೆಗಣ್ಣಲ್ಲಿ ಇಳಿದು, ಹಿಮದಲ್ಲಿ, ಉಲ್ಟಾ ಬದಿಯಲ್ಲಿ 450 ಕಿ.ಮೀ.? ಬೇಡ ಅಂತಲೇ ನನ್ನ ಮಾತು.

ಅಡಿಕೆ ಚೊಗರು:

ಜಾರುವ ಕಡೆ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಬರುತ್ತೆ, ತೋಟದ ಕೆಸರಲ್ಲಿ ಜೀಪಿಗೆ ಮಾಡುವ ಹಾಗೆ. ಬೆಳಿಗ್ಗೆ ಗಾಜಿನ ಮೇಲೆ ಗಡ್ಡೆ ಕಟ್ಟಿದ್ದರೆ ಒಂದು ಚೊಂಬು ಬಿಸಿನೀರು ಸಾಕು.

ಮಾಸ್ತಿಕಟ್ಟೆ ತಿರುವು:

ಎರಡೂ ಬೇಡ ಮಾರಾಯ್ರೆ. ಚಳಿಗೆ ಗಾಳಿ ತಾನಾಗೇ ಇಳಿದಿರುತ್ತೆ, ಸುಮಾರು 5–6 ಡಿಗ್ರಿಗೆ ಒಂದು ಪಿಎಸ್‌ಐ ಲೆಕ್ಕದಲ್ಲಿ. ಬೆಚ್ಚಗಿನ ಗ್ಯಾರೇಜಲ್ಲಿ 33 ಇದ್ದದ್ದು ಮೈನಸ್ 15ರಲ್ಲಿ 26–27ಕ್ಕೆ ಬರುತ್ತೆ. ತುಂಬಿಸಬೇಕು, ಇಳಿಸಬಾರದು. ಕೆಸರಲ್ಲಿ ನಡೆಯೋದು ಹತ್ತು ಕಿ.ಮೀ. ವೇಗಕ್ಕೆ, ಹೆದ್ದಾರಿಗೆ ಅಲ್ಲ. ಬಿಸಿನೀರು ಹೊಯ್ದರೆ ಗಾಜು ಸೀಳುತ್ತೆ, ಹರಿದ ನೀರು ವೈಪರಿಗೆ ಅಂಟಿ ಮತ್ತೆ ಗಡ್ಡೆ. ಹೀಟರನ್ನು ಗಾಜಿನ ಕಡೆ ತಿರುಗಿಸಿ, ಹೆರೆಯೋ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೀರಿ. ಚಾವಣಿಯ ಹಿಮವನ್ನೂ ಗುಡಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಅಷ್ಟೂ ಮುಂದಿನ ಗಾಜಿನ ಮೇಲೆ ಜಾರಿ ಕೂರುತ್ತೆ. ವಾಷರ್ ಡಬ್ಬಿಗೆ ನೀರು ಬೆರೆಸಬೇಡಿ, ಮೈನಸ್ 40 ಅಂತ ಬರೆದ ದ್ರವವೇ ಬೇಕು.

ಸಾಗರದ ಕಡೆಯವ:

ದಾರಿ ಮಧ್ಯೆ ಸಿಕ್ಕಿಹಾಕಿಕೊಂಡರೆ?

ತುಂಗಾ ದಂಡೆ:

ಕಾರು ಬಿಟ್ಟು ಇಳಿದು ನಡೆಯೋದು ಬೇಡ. ಹಿಮ ಬೀಸುವಾಗ ಇಪ್ಪತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತೆ. ಗಾಳಿ ಸೇರಿ ಮೈನಸ್ 28ರ ಚಳಿ ಅನಿಸುವಾಗ ಬರೀ ಚರ್ಮ 10ರಿಂದ 30 ನಿಮಿಷಕ್ಕೆ ಮರಗಟ್ಟುತ್ತೆ. ಹಜಾರ್ಡ್ ಲೈಟ್ ಹಾಕಿ, ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಎಂಜಿನ್ ಚಾಲೂ ಮಾಡುವ ಮೊದಲು ಪ್ರತಿ ಸಲವೂ ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮ ತೆಗೀಬೇಕು. ಅದು ಮುಚ್ಚಿದರೆ ಹೊಗೆ ಗಾಡಿಯೊಳಗೇ ಬರುತ್ತೆ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದ ಹಾಗಾಗಿ ಅಲ್ಲೇ ಮುಗಿಯುತ್ತೆ. ಗಂಟೆಗೆ ಹತ್ತು ನಿಮಿಷ ಓಡಿಸಿ, ಗಾಳಿ ಬೀಸದ ಬದಿಯ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ ಅನ್ನೋದು ಇದಕ್ಕೇ. ಡಿಕ್ಕಿಯಲ್ಲಿ ಸಣ್ಣ ಸಲಿಕೆ, ಚಕ್ರದಡಿ ಹಾಕಲು ಒಂದು ಚೀಲ ಮರಳು, ಜಂಪರ್ ಕೇಬಲ್, ಟಾರ್ಚು. ಕಂಬಳಿ, ನೀರು, ಚಕ್ಕುಲಿ ಡಬ್ಬ ಮಾತ್ರ ಸೀಟಿನ ಮೇಲೇ ಇರಲಿ, ಡಿಕ್ಕಿಯ ಬಾಗಿಲು ಗಡ್ಡೆ ಕಟ್ಟಿ ತೆರೆಯದೇ ಹೋಗಬಹುದು.

ಹೊರಡುವ ಮೊದಲು ಒಂಟಾರಿಯೊ 511 ಅನ್ನೋ ರಸ್ತೆ ಮಾಹಿತಿ ಸೇವೆಯಲ್ಲಿ ರಸ್ತೆ ಸ್ಥಿತಿ, ಕೆನಡಾ ಹವಾಮಾನ ಇಲಾಖೆಯ ವೆದರ್‌ಕ್ಯಾನ್ ಆ್ಯಪ್‌ನಲ್ಲಿ ಎಚ್ಚರಿಕೆ ನೋಡಿ. ಅಲ್ಲಿ 'ಬ್ಲಿಝರ್ಡ್' ಅಂದರೆ ಸುಮ್ಮನೆ ಜೋರು ಹಿಮ ಅಲ್ಲ. ಗಂಟೆಗೆ 40 ಕಿ.ಮೀ. ಗಾಳಿ, 400 ಮೀಟರಿನಾಚೆ ಏನೂ ಕಾಣದ ಸ್ಥಿತಿ, ಅದೂ ನಾಲ್ಕು ಗಂಟೆ. ನೀಲಿ ದೀಪ ಮಿನುಗಿಸುತ್ತಾ ಹಿಮ ಗೋರುವ ಲಾರಿ ಎದುರಿದ್ದರೆ ಹಿಂದಿಕ್ಕಬೇಡಿ, ಅದರ ಹಿಂದಿನ ರಸ್ತೆಯೇ ಆ ಊರಲ್ಲಿ ಒಳ್ಳೇ ರಸ್ತೆ.

ಮೇಲಿನವರು ಹೇಳಿದ ಹಾಗೆ ಇಳಿದ ದಿನವೇ ಓಡಿಸೋದಕ್ಕಿಂತ ರೈಲು ನೋಡಿ. ವಿಮಾನ ನಿಲ್ದಾಣದಿಂದ ಟೊರಾಂಟೊ ಪೇಟೆಯ ಯೂನಿಯನ್ ಸ್ಟೇಷನ್ನಿಗೆ ಯುಪಿ ಎಕ್ಸ್‌ಪ್ರೆಸ್ ಅನ್ನೋ ರೈಲಿನಲ್ಲಿ 25 ನಿಮಿಷ, ಅಲ್ಲಿಂದ ವಿಯಾ ಕಂಪನಿಯ ರೈಲು ಒಟ್ಟಾವಕ್ಕೆ ನಾಲ್ಕೂವರೆ ಗಂಟೆ ಆಸುಪಾಸು. ಹಿಮಕ್ಕೆ ಅದೂ ತಡವಾಗುತ್ತೆ, ಆದರೆ ನೀವು ಬೆಚ್ಚಗೆ ಕೂತಿರ್ತೀರಿ.

ಸಾಗರದ ಕಡೆಯವ:

ಸರಿ, ಕಾರು ಬೇಡ. ಒಂದೇ ಪಿಎನ್‌ಆರ್, ರದ್ದಾದರೆ ರೈಲು. ಮನೆಯವರಿಗೆ ಇನ್ಸುಲಿನ್ ಇದೆ, ಅಷ್ಟು ಚಳಿಯಲ್ಲಿ ಅದು ಕೆಡೋದಿಲ್ಲ ಅಲ್ವಾ?

ದೇವನಹಳ್ಳಿ ದಾರಿ:

ಕೆಡುತ್ತೆ! ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡೋಕೆ ಸರಿ ಇದ್ದರೂ ಬಳಸಬಾರದು, ಎಸೀಬೇಕು. ಕೈಬ್ಯಾಗಿನಲ್ಲೇ ಒಯ್ಯಿರಿ, ವೈದ್ಯರ ಚೀಟಿ ಜೊತೆಗಿರಲಿ, ವಿಮಾನ ತಪ್ಪಿದರೂ ಸಾಕಾಗುವಂತೆ ಒಂದು ವಾರದ್ದು ಹೆಚ್ಚಿಗೆ. ನಿಲ್ದಾಣದಿಂದ ಹೊರಗೆ ಬರುವಾಗ ಜಾಕೆಟ್ಟಿನ ಒಳಜೇಬಿಗೆ ಹಾಕಿ. ಸಕ್ಕರೆ ಪರೀಕ್ಷಿಸೋ ಯಂತ್ರವನ್ನೂ ಅಲ್ಲೇ ಇಡಿ, ಚಳಿಗೆ ಅದು ತಪ್ಪು ತೋರಿಸುತ್ತೆ ಅಥವಾ ಆನ್ ಆಗೋದೇ ಇಲ್ಲ. ಮಗಳ ಕಾರಲ್ಲಿ ರಾತ್ರಿ ಮರೆತು ಬಿಡಬೇಡಿ.