ಡಾಕ್ಟ್ರ ಹತ್ರ ಕೇಳಿ: ಓವರ್‌ಡೋಸಿಂದ ಬದುಕಿದವರು ಮತ್ತು ಅಧ್ಯಯನದ ಸಹಿ

ಅಡ್ಮಿನ್: ಡ್ರಗ್ ಓವರ್‌ಡೋಸಿಂದ ಬದುಕಿದವರನ್ನು ಆಂಬುಲೆನ್ಸ್, ಎಮರ್ಜೆನ್ಸಿ ಮೂಲಕ ಆರೋಗ್ಯ ಅಧ್ಯಯನಕ್ಕೆ ಸೇರಿಸುವ ವಿಷಯ ಇವತ್ತು. ನಮ್ಮ ಕಾಸರಗೋಡು ಗ್ರೂಪಲ್ಲಿ ಎಮರ್ಜೆನ್ಸಿ ಡಾಕ್ಟ್ರು ಇದ್ದಾರೆ, ಕೇಳಿ.

ಕುಂಬಳೆ: ಸೇರಿದ್ರೆ ಹೆಸರು ಪೊಲೀಸಿಗೆ ಹೋಗ್ತದಾ?

ಡಾಕ್ಟ್ರು: ಅಧ್ಯಯನದವರು ಗುಟ್ಟು ಕಾಪಾಡ್ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಉಂಟು.

ಪೆರ್ಲ: ತಮ್ಮನಿಗೆ ಹೋದ ತಿಂಗಳು ಬ್ರೌನ್ ಶುಗರ್ (ಹೆರಾಯಿನ್) ಜಾಸ್ತಿಯಾಗಿ ಉಗುರೆಲ್ಲ ನೀಲಿ ಆಗಿತ್ತು, ಆಂಬುಲೆನ್ಸಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಬಿಟ್ಟ. ಆಸ್ಪತ್ರೆ ಮುಟ್ಟಿ ಅರ್ಧ ಗಂಟೆ ಆಗ್ಲಿಲ್ಲ, ಒಬ್ರು ಬಂದು ಅಧ್ಯಯನ ಅಂತ ಸಹಿ ಹಾಕಿಸಿದ್ರು, ಫಾರ್ಮ್ ಪೂರ್ತಿ ಮಲಯಾಳ, ಅವ ಕಲಿತದ್ದು ಕನ್ನಡ ಮೀಡಿಯಂ, ಕೈ ನಡುಗಿ ಸಹಿ ಗೆರೆ ದಾಟಿ ಹೋಗಿದೆ. ಈಗ ಫೋನ್ ರಿಂಗಾದ್ರೆ ಹಟ್ಟಿ ಹಿಂದೆ ಹೋಗಿ ಕೂರ್ತಾನೆ. ಒಪ್ಪಿಗೆ ವಾಪಸ್ ತಗೊಳ್ಳಿಕ್ಕಾಗ್ತದಾ?

ಡಾಕ್ಟ್ರು: ಯಾವಾಗ ಬೇಕಾದ್ರೂ, ಕಾರಣ ಹೇಳ್ಬೇಕಾಗಿಲ್ಲ, ಅದ್ರಿಂದ ಚಿಕಿತ್ಸೆಗೆ ತೊಂದ್ರೆ ಮಾಡುವ ಹಾಗಿಲ್ಲ. ಅಕ್ಕ, ಓದಿ ನಂಗೆ ಸಂಕಟ ಆಯ್ತು. ಕೊಟ್ಟದ್ದು ಹೆರಾಯಿನಿನ ಪ್ರಭಾವ ಇಳಿಸುವ ನಲೋಕ್ಸೋನ್ ಆಗಿರ್ಬೇಕು, ಉಸಿರು ಬರ್ತದೆ ಆದ್ರೆ ಜೊತೆಗೇ ವಾಂತಿ, ನಡುಕ, ಮೈಕೈ ನೋವು. ಆ ಹೊತ್ತಲ್ಲಿ, ಅದೂ ಓದ್ಲಿಕ್ಕೆ ಬಾರದ ಭಾಷೆಯಲ್ಲಿ ಹಾಕಿದ ಸಹಿ ಒಪ್ಪಿಗೆಯೇ ಅಲ್ಲ. ಆಂಬುಲೆನ್ಸಿನವರು "ಆಮೇಲೆ ಯಾರಾದ್ರೂ ಫೋನ್ ಮಾಡ್ಬಹುದಾ, ಯಾವ ನಂಬರಿಗೆ" ಅಂತ ಕೇಳಿ, ಬೇಡ ಅಂದ್ರೆ ಬಿಟ್ಟುಬಿಡ್ಬೇಕು, ಉಳಿದ ಮಾತೆಲ್ಲ ಅವ ಸುಧಾರಿಸಿದ ಮೇಲೆ. ಅಧ್ಯಯನ ಬೇಡ ಅಂತ ನಾನು ಹೇಳುದಿಲ್ಲ. ಎಷ್ಟೋ ಜನ ಕಣ್ಣು ಬಿಟ್ಟ ಕೂಡ್ಲೇ ಎದ್ದು ಹೋಗ್ತಾರೆ, ಆಸ್ಪತ್ರೆ ರಿಜಿಸ್ಟರಲ್ಲಿ ಅವರಿಲ್ಲ, ಅವರನ್ನು ಕಂಡದ್ದು ಆಂಬುಲೆನ್ಸಿನವರು ಮಾತ್ರ. ಇಂಜೆಕ್ಷನ್ನಿನ ಶಕ್ತಿ 30ರಿಂದ 90 ನಿಮಿಷ, ಡ್ರಗ್ ಇನ್ನೂ ಮೈಯಲ್ಲಿದ್ರೆ ಮತ್ತೆ ಉಸಿರು ಕಡಿಮೆಯಾಗ್ತದೆ, ಅಷ್ಟರಲ್ಲಿ ಅವ ಎಲ್ಲಿರ್ತಾನೋ. ಒಂದು ಸಲ ಆದವನಿಗೆ ಮತ್ತೆ ಆಗುವ ಅಪಾಯವೂ ಹೆಚ್ಚು, ಸ್ವಲ್ಪ ದಿನ ಬಿಟ್ಟು ಹಳೇ ಅಳತೆಯಲ್ಲೇ ತಗೊಂಡ್ರೆ ಮೈ ತಡೀಲಿಕ್ಕಿಲ್ಲ. ತಮ್ಮ ಈಗ ಬಿಟ್ಟಿದ್ದಾನಾ? ರಾತ್ರಿ ಒಬ್ನೇ ಮಲಗ್ತಾನಾ?

ಬದಿಯಡ್ಕ: ಫಾರ್ವರ್ಡ್ ಬಂದದ್ದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ರೆ ವಿಷ ಇಳೀತದಂತೆ.

ಡಾಕ್ಟ್ರು: ಬೇಡ. ಎಚ್ಚರ ಇಲ್ಲದವನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗ್ತದೆ. ಉಸಿರಾಡ್ತಿದ್ರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಉಪ್ಪಳ: ಎಂಡಿಎಂಎ ಅಂತ ಇನ್ನೊಂದು ಡ್ರಗ್ ಉಂಟಲ್ಲ, ಅದಕ್ಕೂ ಅದೇ ಇಂಜೆಕ್ಷನ್ನಾ?

ಡಾಕ್ಟ್ರು: ಅಲ್ಲ. ಹೆರಾಯಿನ್, ಮಾರ್ಫಿನ್ ಜಾತಿಗೆ ಮಾತ್ರ.

ಮುಳ್ಳೇರಿಯ: ಬೇಕಂತ ತಗೊಂಡವರಿಗೆ ಇಷ್ಟೆಲ್ಲ ಉಪಚಾರ ಯಾಕೆ?

ಪೆರ್ಲ: ನಿಮ್ಮ ಮನೆ ಹುಡುಗ ಆಗಿದ್ರೆ ಹೀಗೆ ಟೈಪ್ ಮಾಡ್ತಿದ್ರಾ?

ಮಂಜೇಶ್ವರ: ಮೊದ್ಲು ಫಾರ್ಮ್ ಕನ್ನಡದಲ್ಲಿ ಕೊಡ್ಲಿ, ಇಲ್ಲಿ ಭಾಷಾ ಅಲ್ಪಸಂಖ್ಯಾತರು ಇದ್ದಾರೆ.

ಮುಳ್ಳೇರಿಯ: ಎಲ್ಲದಕ್ಕೂ ಭಾಷೆ ತರ್ಬೇಡಿ ಮಾರಾಯ್ರೆ, ಮಲಯಾಳ ಕಲೀಲಿಕ್ಕೆ ಎಂತ ಕಷ್ಟ?

ಮಂಜೇಶ್ವರ: ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಮಾತು ಕೇಳ್ತಾ ಇದ್ದೇವೆ. ಸ್ಟ್ರೆಚರಲ್ಲಿ ಮಲಗಿದವ ಭಾಷೆ ಕಲೀಬೇಕಾ?

ತಲಪಾಡಿ: ಗಡಿ ದಾಟಿ ಮಂಗಳೂರಿಗೆ ಹೋದವರನ್ನು ಯಾವ ರಾಜ್ಯದ ಲೆಕ್ಕಕ್ಕೆ ಹಿಡೀತಾರೆ ಸರ್?

ಕುಂಬಳೆ: ಪೊಲೀಸಿನ ವಿಷಯ ಸರಿ ಹೇಳ್ಲಿಲ್ಲ.

ಡಾಕ್ಟ್ರು: ಮೇಲೆ ಓದಿ.

ಬದಿಯಡ್ಕ: ಮಜ್ಜಿಗೆಗೆ ಲಿಂಬೆ ಹಿಂಡಿ ಕೊಟ್ರೆ ಸಾಕು ಅಂತ ಇನ್ನೊಂದು ಬಂದಿದೆ.

ಡಾಕ್ಟ್ರು: ದಯವಿಟ್ಟು ಡಿಲೀಟ್ ಮಾಡಿ. ನೀವು ಲಿಂಬೆ ಹಿಂಡುವಷ್ಟರಲ್ಲಿ ಜೀವ ಹೋಗಿರ್ತದೆ. ಇನ್ನೊಂದು ಸಲ ಇಂಥದ್ದು ಬಂದ್ರೆ ನಾನು ಗ್ರೂಪಲ್ಲಿ ಇರುದಿಲ್ಲ.

ಪೆರ್ಲ: ಡಾಕ್ಟ್ರೇ, ನಾಲ್ಕು ದಿನ ಆಯ್ತು ಬಿಟ್ಟು ಅಂತಾನೆ. ಒಬ್ನೇ ಮಲಗ್ತಾನೆ, ಒಳಗಿಂದ ಚಿಲಕ ಹಾಕ್ತಾನೆ.

ಡಾಕ್ಟ್ರು: ಚಿಲಕ ಇವತ್ತೇ ತೆಗೆಸಿ. ನಂಗೆ ಈಗ್ಲೇ ಫೋನ್ ಮಾಡಿ.